ಉತ್ತರದ ಬದುವಿಗೆ ಒಂದು ಹಿಡಿ

ಹೋದ ಎಳ್ಳಮಾವಾಸ್ಯೆಯಿಂದ ಈ ಎಳ್ಳಮಾವಾಸ್ಯೆಯ ತನಕ ನಾನು ನನ್ನ ಮಗ ಯುವರಾಜನ ಕೂಡ ಮಾತಾಡಲಿಲ್ಲ. ಊಟ ಹಾಕಿದೆ, ಬಟ್ಟೆ ಒಗೆದೆ, ಮಾತು ಮಾತ್ರ ಬಂದ್. ಹೆತ್ತ ತಾಯಿ ಹೀಗೆ ಮಾಡಬಹುದೇ ಎಂದು ಕೇಳಿದವರಿಗೆಲ್ಲ ಕಾರಣ ಹೇಳಿದ್ದೇನೆ. ಕಾರಣ ನನ್ನ ಮಾವ ಕಲ್ಲಣ್ಣ.

ಮಾವನನ್ನು ಹೊಗಳುವುದಕ್ಕೆ ನಾನೇನೂ ಕೂತಿಲ್ಲ. ಅವರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ನಾನು ಸೊಸೆಯಾಗಿ ಬಂದ ದಿನದಿಂದ ನನ್ನ ಅಡಿಗೆಗೆ ಉಪ್ಪು ಹೆಚ್ಚು ಎನ್ನುತ್ತಲೇ ಬಂದವರು, ಎಂಬತ್ತು ದಾಟಿದರೂ ಬಿಟ್ಟಿಲ್ಲ. ಅಕ್ಕಲಕೋಟದ ಆಚೆಗಿನ ನಮ್ಮ ಎರೆ ಹೊಲ, ಅದರಲ್ಲಿ ಜೋಳ, ಕಡಲೆ. ಗುರುವಾರ ಬಂತೆಂದರೆ ಎಸ್.ಟಿ. ಬಸ್ಸು ಹತ್ತಿ ಅಕ್ಕಲಕೋಟಕ್ಕೆ ಹೋಗಿ ಸ್ವಾಮಿಯ ದರ್ಶನ, ಅವತ್ತು ಒಪ್ಪತ್ತು. ನನ್ನ ಗಂಡ ಸಿದ್ರಾಮ ಸತ್ತ ವಾರವೂ ಗುರುವಾರ ತಪ್ಪಿಸಲಿಲ್ಲ. ಹೆತ್ತ ಮಗನ ಸೂತಕದಲ್ಲಿ ಎಂಥ ದೇವರು ಎಂದು ನಾನು ಬೈದೆ. "ಒಳಗ ಹೋಗಿಲ್ಲ. ಹೊರಗ ನಿಂತು ಜಗಳಾ ಆಡಿ ಬಂದೀನಿ," ಎಂದರು. ಆಮೇಲೆ ಮೂಲೆಗೆ ಹೋಗಿ ಅತ್ತರು.

ಪ್ರಾಯದಲ್ಲಿ ಸೈನ್ಯದ ಪಲ್ಟಣದಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಪಂಜಾಬಿನ ಗಡಿ ದಾಟಿ ಹೋದರು, ಕಾಲಿಗೆ ಗುಂಡಿನ ಚೂರು ಹೊಕ್ಕಿತು, ಎದೆಗೊಂದು ಪದಕ ಬಂತು. ಯುದ್ಧದ ಕತೆ ಹೇಳಿ ಎಂದರೆ ಎದ್ದು ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದರು. ಒಂದೇ ಒಂದು ಸಂಗತಿಯನ್ನು ನನ್ನ ಅತ್ತೆ ಪಾರ್ವತಿಬಾಯಿಗೆ ಹೇಳಿದ್ದರು, ಅತ್ತೆ ಸಾಯುವ ಮುಂಚೆ ನನಗೆ ಹೇಳಿದಳು. ಗಡಿಯಾಚೆ ಯಾರೋ ರೈತನ ಗೋಧಿ ಹೊಲದಲ್ಲಿ ಇವರ ತುಕಡಿ ಕಂದಕ ತೋಡಿತ್ತು. ಡಿಸೆಂಬರಿನ ಚಳಿ. ಊರವರು ಮನೆ ಬಿಟ್ಟು ಓಡಿದ್ದರು. ಕೊಟ್ಟಿಗೆಯಲ್ಲಿ ಸಿಕ್ಕ ನೇಗಿಲನ್ನು ಮಾವನೇ ಒಡೆದರು, ಎಲ್ಲರೂ ಬೆಂಕಿ ಕಾಸಿಕೊಂಡರು. ಉಳಿದವರಿಗೆ ಅದು ಕಟ್ಟಿಗೆ. ಅದರ ಹಿಡಿಕೆ ಯಾರದೋ ಅಂಗೈ ತಾಗಿ ತಾಗಿ ನುಣುಪಾಗಿದ್ದುದು ಮಾವನ ಕೈಗೆ ತಿಳಿಯಿತು. "ಗುಂಡ ಹೊಡದದ್ದು ಹುಕುಂ. ನೇಗಿಲಾ ಸುಟ್ಟಾಂವ ನಾನು," ಎಂದಿದ್ದರಂತೆ.

ಎಳ್ಳಮಾವಾಸ್ಯೆಗೆ ನಮ್ಮ ಕಡೆ ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಭೂಮಿತಾಯಿಗೆ ಎಡೆ ಹಿಡಿದ ಮೇಲೆ, ಹೆಂಗಸರು ಮಾಡಿ ತಂದ ಸಜ್ಜೆ ಕಡಬು, ಸೊಪ್ಪು-ಕಾಳಿನ ಭಜ್ಜಿ, ಅನ್ನವನ್ನು ಗಂಡಸರು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಪೈರಿನ ನಡುವೆ ಚೆಲ್ಲುತ್ತಾರೆ. ಅದೇ ಚರಗ. ಅದು ಮುಗಿಯುವ ತನಕ ಯಾರೂ ತುತ್ತು ಎತ್ತುವ ಹಾಗಿಲ್ಲ. ಯುದ್ಧದಿಂದ ಬಂದ ವರ್ಷದಿಂದ ಮಾವ ಕೊನೆಯ ಹಿಡಿಯನ್ನು ಉತ್ತರದ ಬದುವಿನ ಮೇಲೆ ನಿಂತು ಆಚೆಗೆ ಚೆಲ್ಲುತ್ತಿದ್ದರು. "ನಿನ್ನ ನೇಗಿಲಾ ಸುಟ್ಟೀನಪಾ. ನಿನ್ನ ಹೊಲಾ ಬೆಳೀಲಿ," ಎನ್ನುತ್ತಿದ್ದರು.

ಹೋದ ವರ್ಷ ಯುವರಾಜ ಅದನ್ನು ಫೋನಿನಲ್ಲಿ ಹಿಡಿದ. ಇವನು ಸೊಲ್ಲಾಪುರದ ಎಂಐಡಿಸಿ ಕೈಗಾರಿಕೆ ಬಡಾವಣೆಯಲ್ಲಿ ಟವೆಲ್ ಕಾರ್ಖಾನೆಯ ಸುಪರ್‌ವೈಸರ್, ಮೇಲೆ ಪಂಚಾಯತಿ ಚುನಾವಣೆಗೆ ನಿಲ್ಲುವ ಹುಚ್ಚು. ವೀರ ಜವಾನ ನನ್ನ ಅಜ್ಜ ಎಂದು ಮರಾಠಿಯಲ್ಲಿ ಬರೆದು ಎಲ್ಲರಿಗೂ ಕಳಿಸಿದ. ಅಜ್ಜ ಏನು ಹೇಳಿದರೆಂದು ಕಿವಿಗೊಟ್ಟು ಕೇಳಿರಲಿಲ್ಲ. ವಿಡಿಯೊದಲ್ಲಿ ಕೇಳಿದವರು ಯಾರದು ನೇಗಿಲು ಎಂದು ಕೆದಕಿದರು, ಕಟ್ಟೆಯ ಮೇಲೆ ಮಾವ ಇದ್ದದ್ದು ಇದ್ದಂತೆ ಹೇಳಿದರು. ಸಂಜೆಯೊಳಗೆ ಕಲ್ಲಣ್ಣ ವೈರಿಗೆ ಎಡೆ ಹಿಡಿಯುವ ದ್ರೋಹಿಯಾದರು.

ಯಾರಪ್ಪಾ ಹಾಗೆಂದವರು? ಪಕ್ಕದವನ ಬದುವನ್ನು ವರ್ಷಕ್ಕೊಂದು ಗೇಣು ಒತ್ತುವವರು ದೇಶದ ಗಡಿಯ ಮಾತಾಡಿದರು. ಪಟಾಕಿ ಸದ್ದಿಗೆ ಬೆಚ್ಚುವವನು ಯುದ್ಧ ಎಂದರೇನೆಂದು ಮಾವನಿಗೆ ಹೇಳಿಕೊಟ್ಟ. ಊರ ಕಮಾನಿಗೆ ಮಾವನ ಹೆಸರು ಬರೆಸುವುದೆಂದು ನಿಶ್ಚಯವಾಗಿತ್ತು, ಅದೂ ನಿಂತಿತು. ಕಟ್ಟೆಗೆ ಹೋಗಿ ಒಬ್ಬೊಬ್ಬರ ಜನ್ಮ ಜಾಲಾಡಿ ಬಂದೆ. ಹೋಗಲಿ, ಅವರು ಊರವರು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು ಏನು ಮಾಡಿದ? ಫೋನು ಹಿಡಿದು ಅಜ್ಜನ ಮುಂದೆ ಕೂತ.

"ಮುತ್ಯಾ, ಆ ಹಿಡಿ ನಮ್ಮ ಸತ್ತ ಜವಾನರದು ಅಂತ ಒಂದ ಮಾತ ಹೇಳು. ಎಲ್ಲಾ ಮುಗೀತದ."

"ನನ್ನ ಜೋಡಿದಾರರಿಗೆ ನಾ ದಿನಾ ದೀಪಾ ಹಚ್ಚತೀನಿ. ಆ ಹಿಡಿ ಅವರದಲ್ಲ."

"ನನ್ನ ಇಲೆಕ್ಷನ್ ಹಾಳಾಗತದ, ಮುತ್ಯಾ!"

"ಹಣಿಮ್ಯಾಲ ವಿಭೂತಿ ಐತಿ. ಸುಳ್ಳ ಹೇಳಸಬ್ಯಾಡ."

"ಹಂಗಾರ ಇನ್ನ ಮ್ಯಾಲ ಚೆಲ್ಲಬ್ಯಾಡ," ಎಂದು ಅಬ್ಬರಿಸಿದ. ಎತ್ತಿ ಆಡಿಸಿದ ಅಜ್ಜನಿಗೆ! ನನ್ನ ಬಾಯಿ ಅವತ್ತು ಕಟ್ಟಿತು.

ಈ ಮಳೆಗಾಲದಲ್ಲಿ ಮಾವ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎಳ್ಳಮಾವಾಸ್ಯೆಗೆ ಅವರನ್ನು ಟ್ರ್ಯಾಕ್ಟರಿನಲ್ಲಿ ತಂದು ಬನ್ನಿ ಗಿಡದ ಕೆಳಗೆ ಮಂಚದ ಮೇಲೆ ಕೂಡಿಸಿದೆವು. ಚರಗದ ಬುಟ್ಟಿ ಯುವರಾಜನ ಕೈಗೆ ಬಂತು. ಮೂರು ಬದುಗಳಿಗೆ ಕೂಗುತ್ತ ಚೆಲ್ಲಿದ. ಉತ್ತರದ ಕಡೆ ತಿರುಗಲೂ ಇಲ್ಲ. ಬುಟ್ಟಿ ತಂದು ಇಟ್ಟು "ಮುಗೀತು, ಊಟಾ ಮಾಡ್ರಿ," ಎಂದ.

ಮಾವ ತಾಟನ್ನು ದೂರ ಸರಿಸಿ, ಮಂಚದ ಅಂಚು ಹಿಡಿದು ಏಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ನಾನು ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಎದ್ದೆ.

ಯುವರಾಜ ಅಡ್ಡ ಬಂದ. "ಅವ್ವಾ, ಹೆಣ್ಮಕ್ಕಳು ಚರಗಾ ಚೆಲ್ಲಬಾರದು."

"ಸರಿ ಬದಿಗೆ!" ವರ್ಷದ ಮೇಲೆ ನಾನು ಅವನಿಗೆ ಆಡಿದ ಮೊದಲ ಮಾತು ಅದು. "ಕಡಬ ಮಾಡಿದಾಕಿ ನಾನು, ಹೊತ್ತ ತಂದಾಕಿ ನಾನು. ಚೆಲ್ಲಾಕ ಅಷ್ಟ ನಿಮ್ಮ ಕೈ ಬೇಕೇನು?"

ಉತ್ತರದ ಬದು ಹತ್ತಿ, ಇದ್ದ ಕಸುವೆಲ್ಲ ಹಾಕಿ ಎಸೆದೆ. "ನಿನ್ನ ನೇಗಿಲಾ ಸುಟ್ಟೇವಪಾ! ನಿನ್ನ ಹೊಲಾ ಬೆಳೀಲಿ!" ನನ್ನ ದನಿ ಪಕ್ಕದ ಹೊಲಗಳಿಗೂ ಕೇಳಿತು. ಕೇಳಲಿ ಎಂದೇ ಕೂಗಿದೆ.

ತಿರುಗಿ ಬಂದಾಗ ಮಾವ ತಾಟು ಹತ್ತಿರ ಎಳೆದುಕೊಂಡಿದ್ದರು. ಒಂದು ತುತ್ತು ಅಗಿದು ಮುಖ ಕಿವುಚಿದರು.

"ಭಜ್ಜಿಗಿ ಉಪ್ಪ ಹೆಚ್ಚಾಗೇದ, ಸಕ್ಕೂ. ಆ ನೇಗಿಲದಾಂವಗ ನೀರಡಿಕಿ ಆಗತದ." ಮೊಮ್ಮಗನ ಕಡೆ ನೋಡಿದರು. "ಯುವರಾಜಾ, ಒಂದು ತಂಬಗಿ ನೀರ ಒಯ್ದು ಆ ಬದುವಿಗಿ ಚೆಲ್ಲಿ ಬಾ."

ಯುವರಾಜ ಕದಲಲಿಲ್ಲ. ನಾನು ತಂಬಿಗೆ ತುಂಬಿಸಿ ಅವನ ಮುಂದೆ ಕುಕ್ಕಿದೆ. ಸುತ್ತಲಿನ ಹೊಲದವರು ನೋಡುತ್ತಿದ್ದಾರೆಯೇ ಎಂದು ಅವನು ಒಮ್ಮೆ ನೋಡಿದ. ಎಲ್ಲರೂ ಊಟ ಬಿಟ್ಟು ನೋಡುತ್ತಿದ್ದರು.

ತಂಬಿಗೆ ಎತ್ತಿಕೊಂಡು ಉತ್ತರದ ಬದುವಿನ ಕಡೆ ಹೋದ.