ಹತ್ತು ಸಮಸ್ತರಲ್ಲಿ ಒಬ್ಬಳು

ಬಿಜೂರಿನಿಂದ ಮೂಡಕ್ಕೆ, ಗದ್ದೆಗಳ ನಡುವಿನ ಸಣ್ಣ ದೇವಸ್ಥಾನಕ್ಕೆ ಹೊಸ ಅಕ್ಕಿ ಉಣ್ಣುವ ಹೊಸ್ತಿನ ಹಬ್ಬದಂದು ಭತ್ತದ ಕದಿರು ಹೋಗುತ್ತಿದ್ದುದು ಬಾಗಿಯ ಕೈಯಿಂದ. ನೆಟ್ಟವಳೂ ಅವಳೇ, ಕೊಯ್ದವಳೂ ಅವಳೇ. ಆದರೆ ಅವಳ ಜಾತಿಯವರು ದೇವಸ್ಥಾನದ ಪೌಳಿ ದಾಟುವಂತಿರಲಿಲ್ಲ. ಪೌಳಿಯ ಹೊರಗೊಂದು ಕಲ್ಲಿತ್ತು. ಕದಿರು ಕಟ್ಟಿದ ಸೂಡಿಯನ್ನು ಅದರ ಮೇಲಿಟ್ಟು ಹಿಂದೆ ಸರಿಯಬೇಕು. ಅವಳ ಅತ್ತೆಯೂ ಹಾಗೇ ಸರಿದವಳು, ಅತ್ತೆಯ ಅತ್ತೆಯೂ.

ಸ್ವಾತಂತ್ರ್ಯ ಬಂದ ವರ್ಷ ಮದ್ರಾಸಿನ ಶಾಸನಸಭೆ, ದೇವಸ್ಥಾನದ ಬಾಗಿಲು ಎಲ್ಲ ಜಾತಿಯವರಿಗೂ ತೆರೆಯಬೇಕೆಂದು ಕಾಯಿದೆ ಮಾಡಿತು. ದೇವಸ್ಥಾನದ ಆಡಳಿತ ನಡೆಸುವ ಮೊಕ್ತೇಸರ ಚಂದಯ್ಯ ಹೆಗ್ಡೆಯವರು ಅದನ್ನು ಕೇಳಿ, "ಕಾಯ್ದೆ ಮದ್ರಾಸಿಂದ್. ದೇವಸ್ಥಾನ ನಮ್ಮಜ್ಜಂದ್," ಎಂದರು.

ಬಾಗಿಯ ಗಂಡ ಸುಬ್ಬ ಪೊಲೀಸರನ್ನು ಕರೆಸುವ ಮಾತಾಡಿದ.

"ಪೊಲೀಸ್ರ್ ಸಂಜಿಗೆ ಹೋತ್ರ್. ನಾವ್ ಇಲ್ಲೇ ಇಪ್ಪುವರ್," ಎಂದಳು ಬಾಗಿ, ಮಗುವಿಗೆ ಗಂಜಿ ತಿನ್ನಿಸುತ್ತ. "ಈ ಸಲ ಕದಿರ್ ನಾನೇ ಒಳಗ್ ತಕಂಡ್ ಹೋತೆ. ಅವ್ರೇ ಕರೀಕ್."

"ನಿಂಗೆ ಮಂಡೆ ಸಮ ಇತ್ತಾ?"

"ಸಮ ಇಲ್ದಿರೆ ಸೂಡಿ ಹೊರೂಕೆ ಆತ್ತಾ?"

ಹೊಸ್ತಿನ ದಿನ ಅವಳು ಮೊದಲು ಮಗುವಿನ ಹೊಟ್ಟೆ ತುಂಬಿಸಿದಳು. ಹಸಿದ ಮಗು ಅತ್ತರೆ ಎಲ್ಲ ಕೆಟ್ಟೀತು. ಸೂಡಿಯನ್ನು ಕಲ್ಲಿನ ಮೇಲಿಟ್ಟಳು. ಹಿಂದೆ ಸರಿಯಲಿಲ್ಲ. ಒಂದು ಕೈ ಸೂಡಿಯ ಮೇಲೇ ಇತ್ತು, ಇನ್ನೊಂದರಲ್ಲಿ ಮಗು.

ಒಳಗೆ ಭಟ್ಟರು ವಾಡಿಕೆಯಂತೆ ದೊಡ್ಡ ದನಿಯಲ್ಲಿ ಕೇಳಿದರು: "ಕದಿರು ಎತ್ತುವುದಕ್ಕೆ ಹತ್ತು ಸಮಸ್ತರೂ ಒಪ್ಪಿದ್ದೀರೋ?"

ಹತ್ತು ಸಮಸ್ತರೆಂದರೆ ಊರಿನ ಎಲ್ಲರೂ. ಅವರು ಒಪ್ಪದೆ ಕದಿರು ಎತ್ತಿ ದೇವರಿಗೆ ಒಪ್ಪಿಸುವಂತಿಲ್ಲ, ಆಮೇಲೆ ಹಂಚಿದ ಕದಿರನ್ನು ಮನೆಯ ಕಂಬಕ್ಕೆ ಕಟ್ಟದೆ ಹೊಸ ಅಕ್ಕಿ ಬಾಯಿಗಿಲ್ಲ. ಬೇಡವೆಂದವರು ಈವರೆಗೆ ಯಾರೂ ಇರಲಿಲ್ಲ.

"ಒಪ್ಪಿತ್," ಎಂದರು ಒಳಗಿದ್ದವರು.

"ನಂದ್ ಒಪ್ಪಿಗಿ ಇಲ್ಲೆ," ಎಂದಳು ಹೊರಗಿನಿಂದ ಬಾಗಿ.

ಹೆಗ್ಡೆಯವರು ಪೌಳಿಯ ಬಾಗಿಲಿಗೆ ಬಂದರು. "ನಿನ್ನ ಕೇಂಡದ್ದ್ ಯಾರೆ?"

"ಭಟ್ರ್ ಕೇಂಡ್ರಲೆ ಒಡ್ಯಾ, ಈಗಷ್ಟೆ. ನಾನ್ ಹತ್ತರಲ್ಲೂ ಇಲ್ಯಾ, ಸಮಸ್ತರಲ್ಲೂ ಇಲ್ಯಾ?"

ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಸೂಡಿಯ ಮೇಲಿನ ಕೈ ತೆಗೆಯಲಿಲ್ಲ.

"ಭಟ್ರೆ, ನೀವ್ ಎತ್ತಿ ಕದಿರ್," ಎಂದರು ಹೆಗ್ಡೆಯವರು.

ಭಟ್ಟರು ಕದಲಲಿಲ್ಲ. "ಇಲ್ಲೆ ಅಂದ್ಮೇಲೆ ಹ್ಯಾಂಗೆ ಎತ್ತುದ್, ಹೆಗ್ಡೇರೆ? ನಿಮ್ಮಜ್ಜಂಗೆ ಮೊಕ್ತೇಸರಿಕೆ ಕೊಟ್ಟದ್ದೂ ಹತ್ತ್ ಸಮಸ್ತರನ್ನ ಕೇಂಡೇ ಅಲ್ದಾ?"

ಒಳಗಿದ್ದ ಒಕ್ಕಲಿನ ಅಣ್ಣಯ್ಯ ಕೆಮ್ಮಿದ. "ಹ್ವಾಯ್ ಹೆಗ್ಡೇರೆ, ಮನೆಯಂಗೆ ಪಾಯ್ಸ ತಣಿತಿತ್ತ್. ಅವ್ಳ್ ಒಳಗ್ ಬಪ್ಪು ವರೆಗೆ ನಂದೂ ಒಪ್ಪಿಗಿ ಇಲ್ಲೆ."

ಯಾರೋ ನಕ್ಕರು. ಹೆಗ್ಡೆಯವರು ಒಬ್ಬೊಬ್ಬರ ಮುಖ ನೋಡಿದರು. ಎಲ್ಲರೂ ನೆಲ ನೋಡುತ್ತಿದ್ದರು. ಅವರು ಬಾಗಿಲಿನಿಂದ ಬದಿಗೆ ಸರಿದರು.

ಬಾಗಿ ಅಲ್ಲೇ ನಿಂತಿದ್ದಳು, ಅವರು ಬಾಯಿಬಿಟ್ಟು ಕರೆಯಲೆಂದು. "ಕರೀಕ್, ಒಡ್ಯಾ."

"ಬಾ," ಎಂದರು ಹೆಗ್ಡೆಯವರು, ಗೋಡೆಗೆ ಹೇಳಿದ ಹಾಗೆ.

ಸೂಡಿ ತಲೆಯ ಮೇಲೆ, ಮಗು ಸೊಂಟದ ಮೇಲೆ, ಅವಳು ಒಳಗೆ ಬಂದಳು. ದೇವರ ಎದುರು ನಿಲ್ಲುವಷ್ಟರಲ್ಲಿ ಮಗು ಒಂದು ಕದಿರು ಎಳೆದು ಬಾಯಿಗಿಟ್ಟಿತ್ತು. ಬಾಗಿ ಬೆರಳು ಹಾಕಿ ಭತ್ತವನ್ನು ಹೊರಗೆ ತೆಗೆದಳು. ಭಟ್ಟರು ಅದು ಮುಗಿಯುವವರೆಗೆ ಕಾದು, ಮತ್ತೆ ಕೇಳಿದರು.

"ಒಪ್ಪಿತ್," ಎಂದಳು ಬಾಗಿ, ಎಲ್ಲರಿಗಿಂತ ಮೊದಲು.

ಹೆಗ್ಡೆಯವರು ಆ ವರ್ಷ ತಮ್ಮ ಪಾಲಿನ ಕದಿರು ಮುಟ್ಟಲಿಲ್ಲ. ಮರುವರ್ಷವೂ ಮುಟ್ಟಲಿಲ್ಲ. ಬಾಗಿ ಮರುವರ್ಷವೂ ಸೂಡಿ ಹೊತ್ತು ಒಳಗೇ ಹೋದಳು. ಪೌಳಿಯ ಹೊರಗಿನ ಆ ಕಲ್ಲಿನ ಮೇಲೆ ಅವಳ ಮಗು ಕುಳಿತು ಆಡುತ್ತಿತ್ತು.