ಬೊಳ್ಳಪ್ಪ ಜಗಿದ ಅಕ್ಕಿ

ಚೇರಂಬಾಣೆಯ ಆಸುಪಾಸಿನಲ್ಲಿ ಮದುವೆ ಗೊತ್ತಾದರೆ ಮೊದಲು ಜೋಯಿಸರ ಮನೆಗೆ ಹೋಗುತ್ತಿದ್ದರು, ಆಮೇಲೆ ಬೊಳ್ಳಪ್ಪನ ಮನೆಗೆ. ಜೋಯಿಸರು ಮುಹೂರ್ತ ಹೇಳುತ್ತಿದ್ದರು, ಬೊಳ್ಳಪ್ಪ ನೀರು ಹೇಳುತ್ತಿದ್ದ. ಮುಹೂರ್ತ ತಪ್ಪಿದರೆ ಕಷ್ಟ ಇಬ್ಬರಿಗೆ. ನೀರು ತಪ್ಪಿದರೆ ಐನೂರು ಜನಕ್ಕೆ.

ಮದುವೆ ಊಟದ ಕಡಂಬುಟ್ಟಿನ ಸಮಾಚಾರ ಹಾಗೆ. ಅಕ್ಕಿತರಿಯನ್ನು ನೀರಲ್ಲಿ ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಡಬೇಕು. ಹಳೆ ಅಕ್ಕಿ ನೀರು ಕುಡಿಯುತ್ತದೆ, ಹೊಸ ಅಕ್ಕಿಗೆ ಅಷ್ಟು ದಾಹವಿಲ್ಲ. ಅಂದಾಜು ತಪ್ಪಿದರೆ ಉಂಡೆ ಹೋಗಿ ಗಂಜಿ. ಅದಕ್ಕೇ ಅಡುಗೆಯ ಶಶಿಧರ ಪ್ರತಿ ಮದುವೆಗೂ ಮೊದಲು ಒಂದು ಹಿಡಿ ಅಕ್ಕಿಯನ್ನು ಟವೆಲಿನ ತುದಿಗೆ ಗಂಟು ಹಾಕಿಕೊಂಡು ಬರುತ್ತಿದ್ದ. ಬೊಳ್ಳಪ್ಪ ಒಂದು ಚಿಟಿಕೆಯನ್ನು ಎಡದವಡೆಗೆ ಸೇರಿಸಿ, ಕಣ್ಣು ಮುಚ್ಚಿ, ನಲವತ್ತು ಸಲ ಜಗಿಯುತ್ತಿದ್ದ. ಹೊಸ ಅಕ್ಕಿ ಬೇಗ ಅಂಟಾಗಿ ಸಿಹಿಯಾಗುತ್ತದೆ. ಹಳತು ಹುಡಿಹುಡಿಯಾಗಿಯೇ ಉಳಿದು ಸಿಹಿ ತಡವಾಗಿ ಬರುತ್ತದೆ. ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷ ಯಂತ್ರ ನಡೆಸಿ ಕಲಿತ ವಿದ್ಯೆ ಅದು.

ಆದರೆ ಎಡದವಡೆಯಲ್ಲಿ ಅಕ್ಕಿ ಬರೀ ಬಾಡಿಗೆದಾರ. ಖಾಯಂ ನಿವಾಸಿ ಹೊಗೆಸೊಪ್ಪು. ಒಂದು ದಿನ ಅಲ್ಲೊಂದು ಹುಣ್ಣು ಕಾಣಿಸಿತು, ವಾಸಿಯಾಗಲಿಲ್ಲ. ಮಂಗಳೂರಿನ ಆಸ್ಪತ್ರೆಯಲ್ಲಿ ಮೂವತ್ತಮೂರು ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟರು. ಗಡ್ಡೆ ಕರಗಿತು. ಅದರ ಜೊತೆಗೆ ಬಾಯಿಯ ಪಸೆಯೂ ಆರಿತು.

“ಉಗುಳಿನಲ್ಲಿ ಅಮೈಲೇಸ್ ಅಂತ ಒಂದು ಕಿಣ್ವ ಇರ್ತದೆ,” ಎಂದರು ಡಾಕ್ಟರಮ್ಮ. “ಅನ್ನದ ಪಿಷ್ಟವನ್ನು ಒಡೆದು ಸಕ್ಕರೆ ಮಾಡೋದು ಅದೇ. ಜಗಿದಷ್ಟೂ ಸಿಹಿ ಆಗೋದು ಅದರಿಂದಲೇ. ಹೆದರ್ಬೇಡಿ, ಕರುಳಿಗೆ ಬೇರೆ ಅಮೈಲೇಸ್ ಬರ್ತದೆ, ಊಟ ಜೀರ್ಣ ಆಗ್ತದೆ.”

ಅಮೈಲೇಸ್ ಎಂದರೆ ಕಾನ್ವೆಂಟಿನ ಯಾವುದೋ ಸಿಸ್ಟರಿನ ಹೆಸರಿನಂತೆ ಕೇಳಿಸಿತು ಬೊಳ್ಳಪ್ಪನಿಗೆ. “ಬಾಯಿದು ತಿರುಗಿ ಬರ್ತದಾ?”

“ಸ್ವಲ್ಪ ಬರಬಹುದು. ಬರದೆಯೂ ಇರಬಹುದು. ನೀರಿನ ಬಾಟ್ಲಿ ಜೊತೆಗಿರಲಿ.”

ಇಷ್ಟು ವರ್ಷ ತನ್ನ ತಲೆಯ ವಿದ್ಯೆ ಎಂದುಕೊಂಡದ್ದು ಬರೀ ತನ್ನ ಉಗುಳಿನದು! ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತುವಾಗ ಹೆಂಡತಿ ಕಮಲಳ ಕಡೆ ತಿರುಗಿ, “ಊರಲ್ಲಿ ಯಾರಿಗೂ ಹೇಳ್ಬೇಡ,” ಎಂದ.

“ಎಂಥದ್ದು? ಕ್ಯಾನ್ಸರಾ?”

“ಅದು ಇಡೀ ಊರಿಗೆ ಗೊತ್ತುಟ್ಟು. ಉಗುಳು ಇಲ್ಲದ್ದು. ಗೊತ್ತಾದ್ರೆ ಅಕ್ಕಿ ಹಿಡ್ಕೊಂಡ್ ನಮ್ಮ ಮನೆಗೆ ಯಾರು ಬರ್ತಾರೆ?”

ಕಮಲ ಬಾಟ್ಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟಳು. ಅಂದಿನಿಂದ ಆ ಬಾಟ್ಲಿ ಅವಳದೇ ಕೆಲಸವಾಯಿತು. ಅವನು ಕೇಳುವ ಮೊದಲೇ ತರುತ್ತಿದ್ದಳು.

ಸುಗ್ಗಿಯ ಹಬ್ಬ ಪುತ್ತರಿ ಕಳೆದು ಮೂರು ವಾರಕ್ಕೆ ಊರಿನ ಹುಡುಗ ದೀಕ್ಷಿತನ ಮದುವೆ. ಶಶಿಧರ ಗಂಟು ಬಿಚ್ಚಿ, “ಹೇಂಗುಟ್ಟು ನೋಡು ಬೊಳ್ಳಣ್ಣ,” ಎಂದ. ಬೊಳ್ಳಪ್ಪ ನಲವತ್ತು ಸಲ ಜಗಿದ. ಹೊಳೆಯ ಮರಳು ಜಗಿದಂತಾಯಿತು. ಅಂಟಾಗಲಿಲ್ಲ, ಸಿಹಿ ಬರಲಿಲ್ಲ, ಹುಡಿ ಹುಡಿಯಾಗಿಯೇ ಉಳಿಯಿತು. ಹುಡಿ ಉಳಿದರೆ ಹಳತು, ಮೂವತ್ತು ವರ್ಷದ ವಿದ್ಯೆ ಹೇಳುವುದು ಅದನ್ನೇ. ಒಣಬಾಯಿಗೆ ಎಲ್ಲ ಅಕ್ಕಿಯೂ ಹಳತೇ ಎಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದದ್ದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ ಎಂದರೂ ಸರಿ.

“ಹಳತು. ಒಂದಕ್ಕೆ ಎರಡೂವರೆ ಹಾಕು.”

ಅದು ದೀಕ್ಷಿತನದೇ ಗದ್ದೆಯ, ಆ ವರ್ಷದ್ದೇ ಬೆಳೆ. ಮದುವೆಯಲ್ಲಿ ಕಡಂಬುಟ್ಟನ್ನು ಸೌಟಿನಲ್ಲಿ ಬಡಿಸಬೇಕಾಯಿತು. ಹಿರಿಯ ಕುಟ್ಟಪ್ಪ ಎಲೆ ನೋಡಿ, “ಶಶೀ, ಇದನ್ನ ಹಂದಿ ಕರಿ ಜೊತೆ ಉಣ್ಬೇಕಾ, ಇಲ್ಲೆ ಹಂದಿಗೇ ಹಾಕ್ಬೇಕಾ?” ಎಂದರು. ಸಾಲಿಗೆ ಸಾಲೇ ನಕ್ಕಿತು.

“ನಂದೇ ತಪ್ಪು ಕುಟ್ಟಪ್ಪಣ್ಣ. ಅಳತೆ ತಪ್ಪಿತು,” ಎಂದ ಶಶಿಧರ.

ಎರಡು ಎಲೆ ಆಚೆ ಕೂತಿದ್ದ ಬೊಳ್ಳಪ್ಪ ಬಾಯಿ ಬಿಡಬೇಕಿತ್ತು. ಬಾಟ್ಲಿ ಎತ್ತಿ ಒಂದು ಗುಟುಕು ಕುಡಿದ.

ಫೆಬ್ರವರಿಯಲ್ಲಿ ಪಕ್ಕದ ಮನೆ ಕವನಾಳ ಮದುವೆ. ಶಶಿಧರ ಇನ್ನು ಬರುವುದಿಲ್ಲ ಎಂದು ಬೊಳ್ಳಪ್ಪ ಲೆಕ್ಕ ಹಾಕಿ ಕೂತಿದ್ದ. ಬೆಳಿಗ್ಗೆ ಬಚ್ಚಲಿಂದ ಬರುವಾಗ ಅಡುಗೆಮನೆಯ ಹಿಂಬಾಗಿಲಲ್ಲಿ ಶಶಿಧರನ ದನಿ ಕೇಳಿತು. ಬೊಳ್ಳಪ್ಪ ಸೌದೆ ರಾಶಿಯ ಮರೆಯಲ್ಲಿ ನಿಂತ. ಮೆಟ್ಟಿಲ ಮೇಲೆ ಕಮಲ ಕಣ್ಣು ಮುಚ್ಚಿ ಕೂತಿದ್ದಳು. ಎಡಗೆನ್ನೆ ಉಬ್ಬಿತ್ತು, ದವಡೆ ಆಡುತ್ತಿತ್ತು. ದನದ ಹಾಗೆ ಮೆಲುಕು ಹಾಕ್ತೀರಲ್ಲ ಎಂದು ಗಂಡನನ್ನು ಆಡಿಕೊಳ್ಳುತ್ತಿದ್ದವಳು ಇವಳೇ. ಶಶಿಧರ ಕೈಕಟ್ಟಿ ಕಾಯುತ್ತಿದ್ದ, ಬೊಳ್ಳಪ್ಪನ ಮುಂದೆ ಕಾಯುತ್ತಿದ್ದ ಹಾಗೆಯೇ.

“ಹೊಸತು,” ಎಂದಳು ಕಮಲ. “ಒಂದಕ್ಕೆ ಎರಡು ಬೇಡ, ಒಂದೂಮುಕ್ಕಾಲು ಸಾಕು. ಈಗ ಮುಂದೆ ಹೋಗಿ ಅವರನ್ನೂ ಕೇಳು.”

“ಅವ್ರು ಬೇರೆ ಹೇಳಿದ್ರೆ ಕಮಲಕ್ಕ?”

“ಹೂಂ ಅನ್ನು. ನೀರು ಹಾಕುವುದು ನೀನಲ್ವಾ?”

ಬೊಳ್ಳಪ್ಪ ಸುತ್ತು ಹಾಕಿ ಬಂದು ಜಗಲಿಯಲ್ಲಿ ಕೂತ. ಶಶಿಧರ ಆಗ ತಾನೇ ಗೇಟಿನಿಂದ ಬಂದವನಂತೆ ಬಂದು ಗಂಟು ಬಿಚ್ಚಿದ. ಬೊಳ್ಳಪ್ಪ ಒಂದು ಚಿಟಿಕೆ ಬಾಯಿಗಿಟ್ಟು, ಒಂದೂ ಬಿಡದೆ ನಲವತ್ತು ಜಗಿದ. ಮರಳು. ಹಳತು ಎಂದರೆ ಶಶಿಧರ ಹೂಂ ಅನ್ನುತ್ತಾನೆ, ಆ ಹೂಂ ಅನ್ನು ಕೇಳಿಸಿಕೊಳ್ಳುವ ತಾಕತ್ತು ಬೊಳ್ಳಪ್ಪನಿಗಿರಲಿಲ್ಲ.

“ಹೊಸತು. ಒಂದೂಮುಕ್ಕಾಲು ಸಾಕು.”

ಶಶಿಧರನ ಮುಖ ಅರಳಿತು. “ಕಮಲಕ್ಕಾ! ಬನ್ನಿ ಇಲ್ಲಿ! ಬೊಳ್ಳಣ್ಣನ ಬಾಯಿ ಸರಿ ಆಗ್ಯುಟ್ಟು!”

ಕಮಲ ಓಡಿಬಂದು ಬಾಗಿಲಲ್ಲಿ ನಿಂತಳು. ಅವಳ ಕೆಳತುಟಿಯಲ್ಲಿ ಇನ್ನೂ ಅಕ್ಕಿಯ ಬಿಳಿ ಇತ್ತು. “ಹೌದಾ? ಸಿಹಿ ಬಂತಾ?”

ಮೂವತ್ತೈದು ವರ್ಷದಲ್ಲಿ ಅವಳು ಏನನ್ನೂ ಇಷ್ಟು ಆಸೆಯಿಂದ ಕೇಳಿದ ನೆನಪು ಅವನಿಗಿರಲಿಲ್ಲ.

“ಸ್ವಲ್ಪ,” ಎಂದ.

ಕಮಲ ಸೆರಗಿನಿಂದ ಕಣ್ಣು ಒತ್ತಿಕೊಂಡು ಒಳಗೆ ಹೋದಳು. ಶಶಿಧರ ಟವೆಲ್ ಕೊಡವಿ ಹೊರಟ. ನಾಲಗೆಗೆ, ಅಂಗುಳಕ್ಕೆ, ಗಂಟಲಿಗೆ ಹುಡಿ ಮೆತ್ತಿಕೊಂಡಿತ್ತು. ನುಂಗಲು ಆಗುತ್ತಿರಲಿಲ್ಲ, ಇನ್ನೂ ಗೇಟು ದಾಟದ ಶಶಿಧರನ ಎದುರು ಉಗಿಯುವಂತೆಯೂ ಇರಲಿಲ್ಲ. ಕಮಲ ಈಗ ಬಾಟ್ಲಿ ತರುತ್ತಾಳೆ ಎಂದು ಬೊಳ್ಳಪ್ಪ ಕಾದ. ಒಳಗೆ ಅವಳು ಯಾರಿಗೋ ಫೋನಿನಲ್ಲಿ, “ದೇವರು ದೊಡ್ಡವ, ಇನ್ನು ನೀರು ಹಿಡ್ಕೊಂಡ್ ಅವ್ರ ಹಿಂದೆ ತಿರುಗ್ಬೇಕೂಂತ ಇಲ್ಲೆ,” ಎನ್ನುತ್ತಿದ್ದಳು.