ಅಕ್ಕಿಯಲ್ಲಿ ಬರೆದ ಹೆಸರು

ಅದು 2003ರ ಜೂನ್. ಪುಣೆಯ ಶಾಲೆಯೊಂದರಲ್ಲಿ ನನಗೆ ಕನ್ನಡ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಸಿಕ್ಕ ಮೊದಲ ಕೆಲಸ, ಕಾಲು ನೆಲದ ಮೇಲಿರಲಿಲ್ಲ. ಶುಕ್ರವಾರ ಸಂಜೆಯೊಳಗೆ ಬ್ಯಾಂಕ್ ಖಾತೆಯ ನಂಬರ್ ಕೊಡದಿದ್ದರೆ ಕೆಲಸ ಮುಂದಿನವರಿಗೆ ಎಂದು ಶಾಲೆಯವರು ಹೇಳಿದ್ದರು. ಐದು ನಿಮಿಷದ ಕೆಲಸವೆಂದು ಕೊನೆಯ ದಿನವೇ ಬ್ಯಾಂಕಿಗೆ ಹೋದೆ, ನನ್ನ ಜಾಣತನ ಅಷ್ಟು.

ಮೊದಲೆಲ್ಲ ಪರಿಚಯದವರೊಬ್ಬರು ಸಹಿ ಹಾಕಿದರೆ ಖಾತೆ ಸಿಗುತ್ತಿತ್ತು. ಆ ಹೊತ್ತಿಗೆ ಎಲ್ಲದಕ್ಕೂ ದಾಖಲೆ ಕೇಳತೊಡಗಿದ್ದರು. ನನ್ನ ಶಾಲಾ ಸರ್ಟಿಫಿಕೇಟಿನಲ್ಲಿ ವನಮಾಲಾ, ರೇಷನ್ ಕಾರ್ಡಿನಲ್ಲಿ ಅಶ್ವಿನಿ. ನಮ್ಮಲ್ಲಿ ಮದುವೆಯ ದಿನ ಗಂಡ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ತವರಿನ ಹೆಸರು ಅಲ್ಲಿಗೆ ಮುಗಿಯಿತು.

"ಇಬ್ಬರೂ ಒಬ್ಬರೇ ಅನ್ನಲು ಆಧಾರವೇನು?" ಎಂದು ಬ್ಯಾಂಕಿನ ಮಹಿಳಾ ಅಧಿಕಾರಿ ಮರಾಠಿಯಲ್ಲಿ ಕೇಳಿದರು. ಕೌಂಟರ್ ಮುಚ್ಚಲು ಒಂದು ಗಂಟೆಯಷ್ಟೇ ಉಳಿದಿತ್ತು. ಹೊರಗಿನ ಬೂತಿನಿಂದ ಮನೆಗೆ ಫೋನ್ ಮಾಡಿ ಅತ್ತೆಯವರ ಮುಂದೆ ಅತ್ತೇಬಿಟ್ಟೆ.

"ಅಲ್ಲೇ ನಿಂದರು, ಬಂದೆ," ಎಂದು ಅವರು ಫೋನ್ ಇಟ್ಟರು.

ಒಬ್ಬರೇ ಎಂದೂ ರಿಕ್ಷಾ ಹತ್ತದ ಅತ್ತೆ, ಮದುವೆಯ ಆಲ್ಬಮ್ ಎದೆಗವಚಿಕೊಂಡು ಇಳಿದರು. ಅವರು ನೇರ ಹೋಗಿ ಫೋಟೋ ತೆರೆದಿಟ್ಟರು: ತಾಟು, ಅಕ್ಕಿ, ಅದರಲ್ಲಿ 'ಅಶ್ವಿನಿ', ಪಕ್ಕದಲ್ಲಿ ತಲೆ ಬಗ್ಗಿಸಿ ಕೂತ ನಾನು. ಆಲ್ಬಮ್ಮಿನೊಳಗೇ ಇಟ್ಟಿದ್ದ ಮದುವೆಯ ಕಾರ್ಡಿನಲ್ಲಿ ವನಮಾಲಾ.

"ಹೊಸ ಹೆಸರು ಆರಿಸಿ ಬದಲಿಸ್ದಾಕಿ ನಾನ ರೀ. ನನ್ನ ಪೆನ್ಶನ್ ಖಾತೆ ಇಲ್ಲೇ ಅದ. ಇಬ್ರೂ ಒಬ್ಬಾಕಿನ ಅಂತ ಬರದು ಕೊಡ್ತೀನಿ, ಸಹಿ ಎಲ್ಲಿ ಹಾಕ್ಲಿ?" ಗಡಿಬಿಡಿಯಲ್ಲಿ ಅವರು ಕನ್ನಡದಲ್ಲೇ ಮಾತಾಡಿದ್ದರು. ಅದನ್ನು ನಾನು ಮರಾಠಿಯಲ್ಲಿ ಹೇಳಿದೆ.

ಅಧಿಕಾರಿ ಫೋಟೋವನ್ನೇ ನೋಡುತ್ತಿದ್ದರು. ತಮ್ಮ ಮದುವೆಯಲ್ಲಿ ತಮ್ಮ ಹೆಸರನ್ನೂ ಹೀಗೇ ಅಕ್ಕಿಯಲ್ಲಿ ಬರೆದಿದ್ದರು ಎಂದು ನಕ್ಕರು. ಎದ್ದು ಮ್ಯಾನೇಜರರ ಕೋಣೆಗೆ ಹೋಗಿ ಒಪ್ಪಿಗೆ ಪಡೆದು ಬಂದರು. ಅತ್ತೆಯವರ ಬರಹ, ಮದುವೆಯ ಕಾರ್ಡು ಎರಡನ್ನೂ ಲಗತ್ತಿಸಿಕೊಂಡು ಖಾತೆ ತೆರೆದೇಬಿಟ್ಟರು. ಪಾಸ್‌ಬುಕ್ಕಿನಲ್ಲಿ ನನ್ನ ಎರಡೂ ಹೆಸರು. ಅದನ್ನು ಹಿಡಿದು ಮೆಟ್ಟಿಲುಗಳನ್ನು ಹಾರಿಕೊಂಡೇ ಇಳಿದೆ.

ರಿಕ್ಷಾದಲ್ಲಿ ಕೇಳಿದೆ, "ಅತ್ಯಾರ, ನಿಮ್ಮ ತವರುಮನಿ ಹೆಸರು ಏನಿತ್ತು ರೀ?"

"ತುಂಗಾ," ಎಂದರು. "ಭಾಳ ವರ್ಷ ಆತು, ಯಾರೂ ಕೇಳಿದ್ದಿಲ್ಲ."

ಸಂಜೆಯೊಳಗೆ ಶಾಲೆಗೆ ನಂಬರ್ ಮುಟ್ಟಿಸಿದೆ. ಈಗ ಅತ್ತೆಯವರಿಲ್ಲ. ಅರ್ಜಿಗಳಲ್ಲಿ 'ಬೇರೆ ಹೆಸರಿದ್ದರೆ ತಿಳಿಸಿ' ಎಂಬ ಕಾಲಂ ಕಂಡರೆ ಜನ ಗೊಣಗುತ್ತಾರೆ. ನಾನು ಮಾತ್ರ ವನಮಾಲಾ ಎಂದು ಖುಷಿಯಿಂದ ತುಂಬುತ್ತೇನೆ. ತುಂಗಾ ಎಂದು ಬರೆಯಲು ಅತ್ತೆಯವರಿಗೆ ಯಾವ ಕಾಗದವೂ ಜಾಗ ಕೊಡಲಿಲ್ಲ.